ಕೌಂಟಿ ದಾಖಲೆಯಲ್ಲಿ ನಮ್ಮ ಹೆಸರು

ಕೇಳುಗರೆಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ಮನೆ ಕೊಂಡಿರುವ, ಕೊಳ್ಳಬೇಕು ಅಂತಿರುವ ಕನ್ನಡದವರಿಗೆ ಇವತ್ತು ಒಂದು ವಿಷಯ ಹೇಳಬೇಕು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಅಲ್ಲಿನ ಜಮೀನು ದಾಖಲೆಯಲ್ಲಿ ನಿಮ್ಮ ಹೆಸರನ್ನು ಹೇಗೆ ಬರೆದಿದ್ದಾರೆ ಅಂತ ಒಮ್ಮೆ ನೀವೇ ನೋಡಿ. ಬಹಳಷ್ಟು ಕಡೆ ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ನೋಡಬಹುದು.

ಯಾಕೆ ಅಂದರೆ, ಎರಡು ವರ್ಷದ ಹಿಂದೆ ನಮ್ಮ ಮನೆ ಸಾಲ ತೀರಿತು. ಕೊನೆಯ ಕಂತು ಕಟ್ಟಿ ಮೂರು ತಿಂಗಳಾದ ಮೇಲೆ, ಸಾಲ ತೀರಿದ ಪತ್ರ ನೋಂದಣಿ ಆಗಿದೆಯೋ ಇಲ್ಲವೋ ನೋಡೋಣ ಅಂತ ಕೂತೆ. ಪಾಸ್‌ಪೋರ್ಟ್‌ನಲ್ಲಿ ನನ್ನ ಕೊನೆಯ ಹೆಸರು ಹೊಸಹಳ್ಳಿ, ಅದು ನಮ್ಮ ಊರು. ಅದನ್ನು ಟೈಪ್ ಮಾಡಿದೆ. ಮನೆ ಕೊಂಡ ಡೀಡ್ ಸಿಕ್ಕಿತು, ಸಾಲ ತೆಗೆದ ಪತ್ರ ಸಿಕ್ಕಿತು, ಸಾಲ ತೀರಿದ್ದು ಮಾತ್ರ ಎಲ್ಲೂ ಇಲ್ಲ. ಸಾಲ ಕೊಟ್ಟವರಿಗೆ ಫೋನ್ ಮಾಡಿದರೆ, ಕಳಿಸಿ ಆಯಿತಲ್ಲ ಅಂದರು. ಆ ರಾತ್ರಿ ನಿದ್ದೆ ಬರಲಿಲ್ಲ.

ಊರಲ್ಲಿ ಪಹಣಿ ತೆಗೆಯುವಾಗ ನಾವು ಏನು ಮಾಡುತ್ತೇವೆ? ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಆಮೇಲೆ ಸರ್ವೆ ನಂಬರ್. ಜಮೀನಿನ ಗುರುತು ಹಿಡಿದು ಹೋದರೆ ಮಾಲೀಕರ ಹೆಸರು ಸಿಗುತ್ತದೆ. ಇಲ್ಲಿ ಕೌಂಟಿ ರೆಕಾರ್ಡರ್, ಅಂದರೆ ಪತ್ರ ನೋಂದಣಿ ಮಾಡುವ ಕಚೇರಿಯಲ್ಲಿ ಬಹಳಷ್ಟು ಕಡೆ ದಾರಿ ಉಲ್ಟಾ. ಹೆಸರು ಹಿಡಿದೇ ಹೋಗಬೇಕು. ಪ್ರತಿ ಪತ್ರಕ್ಕೂ ಗ್ರಾಂಟರ್ ಅಂದರೆ ಕೊಟ್ಟವರು, ಗ್ರಾಂಟಿ ಅಂದರೆ ಪಡೆದವರು, ಹೀಗೆ ಎರಡು ಹೆಸರು ಬರೆದು ಸೂಚಿ ಮಾಡಿರುತ್ತಾರೆ. ಸಾಲ ತೆಗೆದಾಗ ನೀವು ಗ್ರಾಂಟರ್. ಸಾಲ ತೀರಿದಾಗ ಸಾಮಾನ್ಯವಾಗಿ ಸಾಲ ಕೊಟ್ಟವರು ಗ್ರಾಂಟರ್, ನೀವು ಗ್ರಾಂಟಿ. ಅದಕ್ಕೇ ಎರಡೂ ಕಡೆ ಹುಡುಕಬೇಕು, ಒಂದೇ ಕಡೆ ನೋಡಿ ಗಾಬರಿಯಾಗಬೇಡಿ.

ವಿಳಾಸ ಹಾಕಿ ಹುಡುಕುವ ಜಾಗ ಬೇರೆ, ಅದು ತೆರಿಗೆ ಲೆಕ್ಕ ಹಾಕುವ ಅಸೆಸರ್ ಕಚೇರಿ. ಅಲ್ಲಿ ಸಿಗುವ ಪಾರ್ಸೆಲ್ ನಂಬರನ್ನು ಬರೆದಿಟ್ಟುಕೊಳ್ಳಿ, ನಮ್ಮ ಸರ್ವೆ ನಂಬರಿನ ಹಾಗೆ ಅದು. ಕೆಲವು ಕೌಂಟಿಗಳಲ್ಲಿ ರೆಕಾರ್ಡರ್ ಕಡೆಯಲ್ಲೂ ಅದರಿಂದ ಹುಡುಕಬಹುದು. ದೇಶದಲ್ಲಿ 3,000ಕ್ಕೂ ಹೆಚ್ಚು ಕೌಂಟಿಗಳಿವೆ, ಒಂದೊಂದರದ್ದು ಒಂದೊಂದು ರೀತಿ. ಕನೆಕ್ಟಿಕಟ್, ವರ್ಮಾಂಟ್, ರೋಡ್ ಐಲೆಂಡಿನಲ್ಲಿ ಈ ದಾಖಲೆ ಕೌಂಟಿಯಲ್ಲೇ ಇಲ್ಲ, ಊರಿನ ಕ್ಲರ್ಕ್ ಹತ್ತಿರ ಇರುತ್ತದೆ. ನ್ಯೂಯಾರ್ಕ್ ನಗರದ ಏಕ್ರಿಸ್ ಅನ್ನುವ ಆನ್‌ಲೈನ್ ದಾಖಲೆ ತಾಣದಲ್ಲಿ 1966ರಿಂದ ಈಚಿನ ಪತ್ರಗಳನ್ನೇ ತೆರೆದು ಓದಬಹುದು, ಸ್ಟೇಟನ್ ಐಲೆಂಡಿಗೆ ಮಾತ್ರ ಬೇರೆ ಕಚೇರಿ. ಕ್ಯಾಲಿಫೋರ್ನಿಯಾದ ಹಲವು ಕೌಂಟಿಗಳಲ್ಲಿ ಆನ್‌ಲೈನ್‌ನಲ್ಲಿ ಬರೀ ಸೂಚಿ ಕಾಣುತ್ತದೆ, ಪತ್ರ ಬೇಕಾದರೆ ದುಡ್ಡು ಕೊಟ್ಟು ತರಿಸಿಕೊಳ್ಳಬೇಕು.

ನನ್ನ ಪತ್ರ ಕೊನೆಗೆ ಸಿಕ್ಕಿದ್ದು ಹೇಗೆ ಗೊತ್ತಾ? ನನ್ನ ಹೆಸರು ಬಿಟ್ಟು, ಸಾಲ ಕೊಟ್ಟವರ ಹೆಸರನ್ನು ಗ್ರಾಂಟರ್ ಅಂತ ಹಾಕಿ, ಆ ಮೂರು ತಿಂಗಳ ತಾರೀಕು ಕೊಟ್ಟೆ. ಉದ್ದದ ಪಟ್ಟಿ ಬಂತು. ಒಂದೊಂದೇ ಸಾಲು ನೋಡುತ್ತಾ ಹೋದೆ. ಅಲ್ಲಿತ್ತು! ಸಾಲ ಕೊಟ್ಟವರು ಟೈಪ್ ಮಾಡುವಾಗ ಹೊಸಹಳ್ಳಿಯನ್ನು ಒಡೆದು 'ಹೊಸ ಹಳ್ಳಿ' ಮಾಡಿದ್ದರು. ಸೂಚಿಯಲ್ಲಿ ಕೊನೆಯ ಹೆಸರು ಬರೀ 'ಹಳ್ಳಿ', 'ಹೊಸ' ಮಧ್ಯದ ಹೆಸರಾಗಿತ್ತು. ಒಂದು ಖಾಲಿ ಜಾಗ, ಅಷ್ಟೇ. ತಿದ್ದಿದ ಪತ್ರ ಮತ್ತೆ ನೋಂದಣಿ ಆಗುವಷ್ಟರಲ್ಲಿ ಐದು ವಾರ ಹಿಡಿಯಿತು.

ನಮ್ಮ ಹೆಸರುಗಳೇ ಹಾಗೆ ಅಲ್ವಾ? ಒಬ್ಬರಿಗೆ ಇನಿಷಿಯಲ್ಲೇ ಮನೆತನದ ಹೆಸರಾಗಿರುತ್ತದೆ, ಇನ್ನೊಬ್ಬರಿಗೆ ಅಪ್ಪನ ಹೆಸರು. ವೆಂಕಟೇಶ, ವೆಂಕಟೇಶ್, ಇಂಗ್ಲಿಷಿನಲ್ಲಿ ಒಂದು ಅಕ್ಷರ ಆಚೀಚೆ ಆದರೂ ಸೂಚಿಗೆ ಅವರು ಬೇರೆಯೇ ಮನುಷ್ಯ. ಮದುವೆಯಾದ ಮೇಲೆ ಹೆಸರು ಬದಲಿಸಿದ ಹೆಣ್ಣುಮಕ್ಕಳು ಎರಡೂ ಹೆಸರಲ್ಲಿ ನೋಡಬೇಕು. ಕೊನೆಯ ಹೆಸರಿನ ಮೊದಲ ನಾಲ್ಕೈದು ಅಕ್ಷರ ಮಾತ್ರ ಹಾಕಿ ನೋಡುವುದು ಒಳ್ಳೆಯದು.

ಮನೆ ಕೊಂಡ ಹೊಸದರಲ್ಲಿ 'ನಿಮ್ಮ ಡೀಡಿನ ಪ್ರತಿ ಕೊಡುತ್ತೇವೆ, ಇಷ್ಟು ಡಾಲರ್ ಕಳಿಸಿ' ಅಂತ ಸರ್ಕಾರಿ ಕಾಗದದ ಹಾಗೆ ಕಾಣುವ ಪತ್ರ ಬರುತ್ತದೆ. ಸುಮ್ನೆ ದುಡ್ಡು ಕಳಿಸಬೇಡಿ. ಅದೇ ಪ್ರತಿಯನ್ನು ಕೌಂಟಿಯವರೇ ತುಂಬಾ ಕಡಿಮೆಗೆ ಕೊಡುತ್ತಾರೆ.

ಇನ್ನೊಂದು ಮಾತು. ನಿಮ್ಮ ಹೆಸರಲ್ಲಿ ಯಾವುದಾದರೂ ಪತ್ರ ನೋಂದಣಿ ಆದರೆ ಇಮೇಲ್ ಕಳಿಸುವ ವ್ಯವಸ್ಥೆ ಎಷ್ಟೋ ಕೌಂಟಿಗಳಲ್ಲಿ ಪುಕ್ಕಟೆ ಇದೆ. ಅದು ಮೋಸವನ್ನು ತಡೆಯುವುದಿಲ್ಲ, ಆದರೆ ಬೇಗ ಗೊತ್ತಾಗುತ್ತದೆ. ಅಲ್ಲಿ ನಾನು ಮೂರು ಹೆಸರು ಕೊಟ್ಟಿದ್ದೇನೆ. ಮೂರನೆಯದು ಬರೀ 'ಹಳ್ಳಿ'.

ನಮಸ್ಕಾರ.