ರಾತ್ರಿಯ ಮಾತ್ರೆ

ಕೇಳುಗರಿಗೆ ನಮಸ್ಕಾರ.

ಶಿಡ್ಲಘಟ್ಟದ ಕಡೆಯ ಒಂದು ಔಷಧ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವ ಫಾರ್ಮಸಿಸ್ಟ್ ನಾನು. ಡಾಕ್ಟರಲ್ಲ. ಅವರು ಬರೆದ ಚೀಟಿ ಓದಿ, ಮಾತ್ರೆ ಕೊಟ್ಟು, ಹೇಗೆ ನುಂಗಿಸಬೇಕೆಂದು ಹೇಳಿ ಕಳುಹಿಸುವುದು ನನ್ನ ಕೆಲಸ. ಈ ಜಾಗದಲ್ಲಿ ನಿಂತರೆ ಒಂದು ಅನುಕೂಲವುಂಟು. ಡಾಕ್ಟರ ಎದುರು ಎಲ್ಲದಕ್ಕೂ ತಲೆಯಾಡಿಸಿ ಬಂದವರು ನಮ್ಮ ಹತ್ತಿರ ಮನಸ್ಸಿನಲ್ಲಿರುವುದನ್ನು ಹೇಳಿಬಿಡುತ್ತಾರೆ. 'ಪಂಪು ಬೇಡ ಅಣ್ಣ, ಅದು ಅಭ್ಯಾಸವಾಗಿಬಿಡುತ್ತದಂತೆ. ಆ ರಾತ್ರಿ ಕೊಡುವ ಮಾತ್ರೆಯನ್ನಷ್ಟೇ ಕೊಡಿ.' ಮಕ್ಕಳಿಗೆ ಆಸ್ತಮಾ ಇರುವ ಮನೆಗಳವರಿಂದ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಪಂಪು ಎಂದರೆ ಉಸಿರಿನೊಂದಿಗೆ ಔಷಧ ಎಳೆದುಕೊಳ್ಳುವ ಇನ್ಹೇಲರ್.

ಆ ರಾತ್ರಿ ಮಾತ್ರೆಯ ಹೆಸರು ಮಾಂಟೆಲುಕಾಸ್ಟ್. ಇಂದಿನ ಮಾತು ಅದರ ಬಗ್ಗೆಯೇ. ಒಳ್ಳೆಯ ಔಷಧ, ಸರಿಯಾದ ಮಗುವಿಗೆ ಸರಿಯಾಗಿ ಕೊಟ್ಟರೆ ಉಪಕಾರವಾಗುತ್ತದೆ. ಆದರೆ ನಮ್ಮ ಜನ ಅದರ ಮೇಲೆ ಹೊರಿಸಿರುವ ಭಾರ ಅದು ಹೊರುವುದಕ್ಕಿಂತ ಹೆಚ್ಚು, ಅದರ ವಿಷಯದಲ್ಲಿ ವಹಿಸುವ ಎಚ್ಚರ ಮಾತ್ರ ಬಹಳ ಕಡಿಮೆ.

ಮೊದಲು ಅದರ ಕೆಲಸವೇನು ಎಂಬುದನ್ನು ನೋಡೋಣ. ಆಸ್ತಮಾ ಇರುವ ಮಗುವಿನ ಶ್ವಾಸನಾಳಗಳು ಧೂಳು, ಹೊಗೆ, ಚಳಿಗಾಳಿ, ಸಾಮಾನ್ಯ ನೆಗಡಿ, ಯಾವುದಕ್ಕಾದರೂ ಬೇಗ ಕೆರಳುತ್ತವೆ. ಕೆರಳಿದಾಗ ದೇಹದಲ್ಲಿ ಲ್ಯೂಕೋಟ್ರೈನ್ ಎಂಬ ರಾಸಾಯನಿಕಗಳು ಬಿಡುಗಡೆಯಾಗುತ್ತವೆ. ಅವುಗಳಿಂದ ನಾಳದ ಒಳಪದರ ಊದಿಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಹೆಚ್ಚುತ್ತದೆ. ಮಾಂಟೆಲುಕಾಸ್ಟ್ ಆ ರಾಸಾಯನಿಕಗಳ ಕೆಲಸಕ್ಕೆ ಅಡ್ಡ ನಿಲ್ಲುತ್ತದೆ. ದಿನಕ್ಕೊಂದು ಸಲ, ಆಸ್ತಮಾಕ್ಕಾದರೆ ಸಂಜೆ ಅಥವಾ ರಾತ್ರಿ, ಕೆಮ್ಮು ಇರಲಿ ಇಲ್ಲದಿರಲಿ, ಡಾಕ್ಟರು ಹೇಳಿದಷ್ಟು ದಿನ ತಪ್ಪದೆ ಕೊಡಬೇಕಾದ ಔಷಧ ಇದು. ಗುಣ ಕಾಣಲು ಕೆಲವು ದಿನ ಬೇಕು, ಕೆಲವು ಮಕ್ಕಳಿಗೆ ಕೆಲವು ವಾರವೇ ಬೇಕು. ಕೆಲವರಿಗೆ ಏನೂ ಪ್ರಯೋಜನವಾಗುವುದಿಲ್ಲ. ಒಂದೆರಡು ತಿಂಗಳು ಕೊಟ್ಟೂ ವ್ಯತ್ಯಾಸ ಕಾಣದಿದ್ದರೆ ಡಾಕ್ಟರಿಗೆ ಹಾಗೆಂದು ಹೇಳಬೇಕು. ವರ್ಷಗಟ್ಟಲೆ ಸುಮ್ಮನೆ ತಿನ್ನಿಸುತ್ತಾ ಹೋಗುವುದರಲ್ಲಿ ಅರ್ಥವಿಲ್ಲ.

ಹೀಗಾಗಿ, ನಡುರಾತ್ರಿ ಮಗುವಿಗೆ ಉಬ್ಬಸ ಶುರುವಾದಾಗ ಈ ಮಾತ್ರೆ ಕೊಟ್ಟು ಕಾಯುತ್ತಾ ಕುಳಿತರೆ ಕಾಲ ಕಳೆದದ್ದಷ್ಟೇ ಆಗುತ್ತದೆ. ಆ ಹೊತ್ತಿಗೆ ಬೇಕಾದದ್ದು ಸಾಲ್ಬುಟಮಾಲ್‌ನಂತಹ ತಕ್ಷಣ ನಾಳ ಸಡಿಲಿಸುವ ಔಷಧ, ಅದೂ ಸ್ಪೇಸರ್ ಎಂಬ ಕೊಳವೆಗೆ ಜೋಡಿಸಿದ ಇನ್ಹೇಲರಿನಿಂದ. ಎಳೆಯ ಮಗುವಿಗಾದರೆ ಸ್ಪೇಸರಿಗೆ ಮುಖವಾಡವೂ ಇರಬೇಕು. ಎಷ್ಟು ಪಫ್, ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ಮಗು ಚೆನ್ನಾಗಿರುವಾಗಲೇ ಡಾಕ್ಟರಿಂದ ಕನ್ನಡದಲ್ಲಿ ಬರೆಸಿಕೊಂಡು, ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿಡಿ. ಮಗುವಿನ ಪಕ್ಕೆಲುಬುಗಳ ನಡುವಿನ ಚರ್ಮ ಪ್ರತಿ ಉಸಿರಿಗೂ ಒಳಕ್ಕೆ ಸೆಳೆಯುತ್ತಿದ್ದರೆ, ಒಂದು ವಾಕ್ಯ ಮುಗಿಸಲಾಗದೆ ಏದುತ್ತಿದ್ದರೆ, ತುಟಿ ನೀಲಿಗಟ್ಟಿದರೆ, ಮಂಕಾಗಿ ಬಿದ್ದುಕೊಂಡರೆ 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವವರೆಗೂ ಡಾಕ್ಟರು ಹೇಳಿಕೊಟ್ಟಂತೆ ಪಫ್ ಕೊಡುತ್ತಿರಿ. ಸುಯ್ ಎನ್ನುವ ಸದ್ದು ನಿಂತಿತು, ಹಾಗಾಗಿ ಗುಣವಾಯಿತು ಎಂದು ಎಷ್ಟೋ ಜನ ತಿಳಿಯುತ್ತಾರೆ. ಮಗು ಸುಸ್ತಾಗಿ, ಉಸಿರಾಟವೇ ಕ್ಷೀಣಿಸಿ ಸದ್ದು ನಿಂತಿದ್ದರೆ ಅದು ಇನ್ನೂ ಅಪಾಯದ ಸ್ಥಿತಿ.

ಇನ್ನು ಪಂಪಿನ ಮೇಲಿನ ಮುನಿಸು. ಮಕ್ಕಳ ಆಸ್ತಮಾ ಪದೇ ಪದೇ ಕಾಡುವಂತಿದ್ದರೆ ಡಾಕ್ಟರುಗಳು ಮೊದಲು ಆರಿಸುವುದು ಇನ್ಹೇಲರಿನಲ್ಲಿ ಕೊಡುವ ಕಡಿಮೆ ಪ್ರಮಾಣದ ಸ್ಟೀರಾಯ್ಡನ್ನು. ಅದು ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ತೊಂದರೆಯೂ ಕಡಿಮೆ. ಅಭ್ಯಾಸವಾಗಿ ಅಂಟಿಕೊಳ್ಳುವ ಗುಣ ಅದಕ್ಕಿಲ್ಲ. ಮಾಂಟೆಲುಕಾಸ್ಟ್ ಕೆಲವೊಮ್ಮೆ ಅದರ ಜೊತೆಗೆ, ಕೆಲವೊಮ್ಮೆ ಅದನ್ನು ಕೊಡಲು ಸಾಧ್ಯವೇ ಇಲ್ಲದಿದ್ದಾಗ ಬದಲಿಗೆ ಬರುತ್ತದೆ; ಬದಲಿಗೆ ಬಂದಾಗ ಅದರ ಬಲ ಕಡಿಮೆಯೇ. ಚೀಟಿಯಲ್ಲಿ ಎರಡೂ ಇದ್ದರೆ ಎರಡನ್ನೂ ಒಯ್ಯಬೇಕು. 'ಮಾತ್ರೆ ಸಾಕು, ಪಂಪು ಮುಂದಿನ ತಿಂಗಳು' ಎಂದು ಅರ್ಧ ಚೀಟಿ ಕೊಳ್ಳುವವರಿಗೆ ಹಣದ ಕಷ್ಟವಿರುವುದು ನನಗೆ ಗೊತ್ತು. ಆಗ ಸಂಕೋಚಪಡದೆ ಡಾಕ್ಟರಿಗೆ ಹೇಳಿ. ಕಡಿಮೆ ಬೆಲೆಯ ಕಂಪನಿಯದ್ದನ್ನು ಬರೆಯುತ್ತಾರೆ, ಇಲ್ಲವೇ ಜನೌಷಧಿ ಕೇಂದ್ರದಲ್ಲೋ ಸರ್ಕಾರಿ ಆಸ್ಪತ್ರೆಯಲ್ಲೋ ಸಿಗುವುದನ್ನು ಹೇಳುತ್ತಾರೆ.

ಪ್ರಮಾಣದ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ 2ರಿಂದ 5 ವರ್ಷದ ಮಕ್ಕಳಿಗೆ 4 ಮಿಲಿಗ್ರಾಂ, 6ರಿಂದ 14 ವರ್ಷದವರಿಗೆ 5 ಮಿಲಿಗ್ರಾಂ, ಎರಡೂ ಅಗಿದು ತಿನ್ನುವ ಮಾತ್ರೆಗಳು. 15 ದಾಟಿದ ಮೇಲೆ 10 ಮಿಲಿಗ್ರಾಂ. ಇದನ್ನು ಹೇಳುತ್ತಿರುವುದು ನೀವೇ ಪ್ರಮಾಣ ನಿರ್ಧರಿಸಲಿ ಎಂದಲ್ಲ; ಕೈಗೆ ಬಂದ ಮಾತ್ರೆಯ ಪಟ್ಟಿಯನ್ನು, ಅಂದರೆ ಸ್ಟ್ರಿಪ್ಪನ್ನು, ಚೀಟಿಯೊಂದಿಗೆ ತಾಳೆ ನೋಡಲಿ ಎಂದು. ಅಪ್ಪನದ್ದು 10 ಮಿಲಿಗ್ರಾಂ, ಅದನ್ನು ಮುರಿದರೆ 5 ಆಯಿತಲ್ಲ ಎಂದು ಲೆಕ್ಕ ಹಾಕುವ ಮನೆಗಳಿವೆ. ಚೂರಿಯಲ್ಲಿ ಮುರಿದ ಮಾತ್ರೆ ಎರಡು ಸಮಭಾಗವಾಗುತ್ತದೆ ಎಂಬ ಭರವಸೆಯಿಲ್ಲ, ದೊಡ್ಡವರ ಮಾತ್ರೆ ಅಗಿಯಲೆಂದು ಮಾಡಿದ್ದೂ ಅಲ್ಲ. ಇನ್ನೂ ಸಣ್ಣ ಮಗುವಿಗೆ ಡಾಕ್ಟರು ಪೊಟ್ಟಣದ ಹರಳುಪುಡಿ ಬರೆದಿದ್ದರೆ, ಪೊಟ್ಟಣ ಒಡೆದ 15 ನಿಮಿಷದೊಳಗೆ ಕೊಟ್ಟು ಮುಗಿಸಿ. ನೇರವಾಗಿ ಬಾಯಿಗೆ ಹಾಕಬಹುದು, ಇಲ್ಲವೇ ಆರಿದ ಮೆತ್ತನೆಯ ಅನ್ನ ಒಂದು ಚಮಚದಲ್ಲಿ ಕಲಸಿ ಕೊಡಬಹುದು. ಬಿಸಿ ಗಂಜಿಗೋ ಅಂಬಲಿಗೋ ಕದಡಬೇಡಿ. ಒಂದು ರಾತ್ರಿ ಮರೆತಿರಾ? ಮಾರನೆಯ ರಾತ್ರಿ ಎಂದಿನಂತೆ ಒಂದೇ ಕೊಡಿ.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ಹೆಸರಿನ ಕೊನೆಯಲ್ಲಿ ಎಲ್‌ಸಿ ಎಂದಿರುವ ಪಟ್ಟಿಗಳು ನಿಮ್ಮ ಮನೆಯಲ್ಲಿರಬಹುದು. ಅವುಗಳಲ್ಲಿ ಮಾಂಟೆಲುಕಾಸ್ಟ್ ಜೊತೆಗೆ ಲಿವೋಸೆಟಿರಿಜಿನ್ ಎಂಬ ಅಲರ್ಜಿ ಔಷಧವೂ ಸೇರಿದೆ. ಅದು ಸೀನು, ಮೂಗು ಸೋರುವುದು, ಕಣ್ಣು ತುರಿಸುವುದು ಇಂಥವಕ್ಕೆ, ತೂಕಡಿಕೆಯನ್ನೂ ತರುತ್ತದೆ. ಪಕ್ಕದ ಮನೆಯ ಮಗುವಿನ ನೆಗಡಿಗೆ ಕೊಟ್ಟ ಎಲ್‌ಸಿ ಪಟ್ಟಿಯ ಫೋಟೋವನ್ನು ಮೊಬೈಲಿನಲ್ಲಿ ತೋರಿಸಿ 'ಇದೇ ಕೊಡಿ, ನಮ್ಮವನಿಗೂ ದಮ್ಮು' ಎನ್ನುವವರಿದ್ದಾರೆ. ಕೊಡುವ ಅಂಗಡಿಗಳೂ ಇವೆ, ಮುಚ್ಚಿಡುವುದೇಕೆ. ಪಟ್ಟಿಯ ಮೇಲೆ ಕೆಂಪು ಗೆರೆ ಎಳೆದಿರುವುದು ಅಲಂಕಾರಕ್ಕಲ್ಲ. ವೈದ್ಯರ ಚೀಟಿಯಿಲ್ಲದೆ ಮಾರಬಾರದು ಎಂದು.

ಈಗ ನಾನು ಮುಖ್ಯವಾಗಿ ಹೇಳಲು ಬಂದ ವಿಷಯ. ಒಬ್ಬ ತಾಯಿ ಮಗನ ಮಾತ್ರೆಗೆ ಹಣ ಎಣಿಸುತ್ತಾ, ಜೊತೆಯಲ್ಲಿ ಬಂದ ತಂಗಿಯೊಂದಿಗೆ ಮಾತನಾಡುತ್ತಿದ್ದರು. ಹುಡುಗ ರಾತ್ರಿ ಕಿರುಚಿಕೊಂಡು ಏಳುತ್ತಾನಂತೆ, ಒಂದು ರಾತ್ರಿ ನಿದ್ದೆಗಣ್ಣಿನಲ್ಲೇ ಬಾಗಿಲಿನ ಚಿಲಕ ತೆಗೆದು ಜಗಲಿಯಲ್ಲಿ ನಿಂತಿದ್ದನಂತೆ, ಹಗಲೂ ಮುಟ್ಟಿದರೆ ಸಿಡುಕು. ಯಾರದ್ದೋ ದೃಷ್ಟಿ ಎಂದು ತಾಯತ ಕಟ್ಟಿಸಿದ್ದರು. ಡಾಕ್ಟರಿಗೆ ಹೇಳಿದಿರಾ ಎಂದು ಕೇಳಿದೆ. 'ಇದನ್ನೇಕೆ ಹೇಳುವುದಣ್ಣ, ಅವರು ದಮ್ಮಿನ ಡಾಕ್ಟರಲ್ಲವೇ?' ಎಂದರು.

ಹೇಳಬೇಕಾದದ್ದು ಅದನ್ನೇ. ಮಾಂಟೆಲುಕಾಸ್ಟ್ ತೆಗೆದುಕೊಳ್ಳುವ ಕೆಲವರಲ್ಲಿ ನಿದ್ದೆ, ಮನಸ್ಸು, ನಡವಳಿಕೆ ಏರುಪೇರಾಗುವುದುಂಟು. ಕೆಟ್ಟ ಕನಸು, ನಿದ್ದೆಯಲ್ಲಿ ನಡೆಯುವುದು ಅಥವಾ ಮಾತನಾಡುವುದು, ನಿದ್ದೆಯೇ ಬಾರದಿರುವುದು, ಕಾರಣವಿಲ್ಲದ ಸಿಟ್ಟು, ಹೊಡೆದಾಟ, ಚಡಪಡಿಕೆ, ಮಂಕು, ಇಲ್ಲದ್ದು ಕಂಡಂತಾಗುವುದು. ದೊಡ್ಡ ಮಕ್ಕಳಲ್ಲಿ ಬದುಕು ಬೇಡವೆನ್ನುವ ಮಾತು. ಈ ಔಷಧಕ್ಕೆ ಅಮೆರಿಕದಲ್ಲಿ ಮೊದಲು ಅನುಮತಿ ಸಿಕ್ಕಿದ್ದು 1998ರಲ್ಲಿ. 2020ರ ಮಾರ್ಚ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಇದೇ ಕಾರಣಕ್ಕೆ ಚೌಕಟ್ಟು ಹಾಕಿದ ಎಚ್ಚರಿಕೆಯನ್ನು, ಅಂದರೆ ಔಷಧವೊಂದಕ್ಕೆ ಅವರು ಕೊಡುವ ಅತ್ಯಂತ ಗಂಭೀರ ಎಚ್ಚರಿಕೆಯನ್ನು, ಇದರ ಮಾಹಿತಿಪತ್ರದಲ್ಲಿ ಸೇರಿಸುವಂತೆ ಮಾಡಿತು. ಬರೀ ಅಲರ್ಜಿ ನೆಗಡಿಗೆ ಇದನ್ನು ಸುಲಭವಾಗಿ ಬಳಸಬೇಡಿ, ಬೇರೆ ಔಷಧ ಆಗದಿದ್ದಾಗ ಮಾತ್ರ ಎಂದೂ ಹೇಳಿತು. ಬಹುಪಾಲು ಮಕ್ಕಳಿಗೆ ಇಂಥದ್ದೇನೂ ಆಗುವುದಿಲ್ಲ, ಅದನ್ನೂ ಒತ್ತಿ ಹೇಳುತ್ತೇನೆ. ಆದರೆ ಯಾವ ಮಗುವಿಗೆ ಆಗುತ್ತದೆ ಎಂದು ಮೊದಲೇ ತಿಳಿಯುವಂತಿಲ್ಲ. ಹಿಂದೆ ಮನಸ್ಸಿನ ತೊಂದರೆ ಇಲ್ಲದ ಮಕ್ಕಳಲ್ಲೂ ಕಂಡದ್ದುಂಟು.

ಆದ್ದರಿಂದ ಮಾತ್ರೆ ಶುರುಮಾಡುವ ಮೊದಲೇ ಮಗು ಹೇಗೆ ಮಲಗುತ್ತದೆ, ಹೇಗಿರುತ್ತದೆ ಎಂದು ಗಮನಿಸಿಕೊಳ್ಳಿ. ಮನೆಯಲ್ಲಿ ಅಜ್ಜಿಯ ಪಕ್ಕದಲ್ಲಿ ಮಗು ಮಲಗುವುದಾದರೆ ಅಜ್ಜಿಗೂ ಹೇಳಿಡಿ. ರಾತ್ರಿಯ ಸುದ್ದಿ ಅವರಿಗೇ ಮೊದಲು ಗೊತ್ತಾಗುವುದು. ಶಾಲೆಯ ಮೇಷ್ಟ್ರಿಗೂ ಒಂದು ಮಾತು ತಿಳಿಸಿ. ಬದಲಾವಣೆ ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಆ ಮಾತ್ರೆಯನ್ನು ನಿಲ್ಲಿಸಿ, ತಕ್ಷಣ ಡಾಕ್ಟರಿಗೆ ತಿಳಿಸಿ. ನಿಲ್ಲಿಸುವುದು ಆ ಮಾತ್ರೆಯನ್ನು ಮಾತ್ರ, ಇನ್ಹೇಲರನ್ನಲ್ಲ. ಸಾಮಾನ್ಯವಾಗಿ ಮಾತ್ರೆ ಬಿಟ್ಟ ಮೇಲೆ ಇವು ಇಳಿಯುತ್ತವೆ. ಕೆಲವರಲ್ಲಿ ಬಿಟ್ಟ ಮೇಲೂ ಉಳಿದದ್ದುಂಟು, ಹಾಗಾಗಿ ಕಣ್ಣಿಟ್ಟಿರಬೇಕು. ಸಾಯುವ ಮಾತು ಬಂದರಂತೂ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲೂ ರಾತ್ರಿಯೂ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ. ಮಗುವಿಗೆ ತಾಯತ ಕಟ್ಟುವುದಕ್ಕೆ ನನ್ನ ತಕರಾರಿಲ್ಲ. ಕಟ್ಟಿ, ಆದರೆ ಡಾಕ್ಟರಿಗೂ ಹೇಳಿ.

ಮಾತ್ರೆಯನ್ನು ಇಡುವ ಜಾಗದ ಬಗ್ಗೆ ಸ್ವಲ್ಪ. ಈ ಮಾತ್ರೆಯ ಪಟ್ಟಿ ಹೆಚ್ಚಾಗಿ ಎರಡೂ ಬದಿ ಅಲ್ಯೂಮಿನಿಯಂ ಹಾಳೆಯದ್ದು, ಒಳಗಿನ ಮಾತ್ರೆ ಕಾಣುವುದಿಲ್ಲ. ಬೆಳಕು ಮತ್ತು ತೇವ ಎರಡೂ ಇದಕ್ಕೆ ಆಗದು. ಒಂದು ವಾರದ್ದನ್ನು ಬಿಡಿಸಿ ಒಗ್ಗರಣೆ ಡಬ್ಬಿಯ ಪಕ್ಕದ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಹಾಕಿಡುವುದು ಬೇಡ. ತಿನ್ನಿಸುವ ಹೊತ್ತಿಗೇ ಪಟ್ಟಿ ಒಡೆಯಿರಿ. ಕತ್ತರಿಸಿ ಬಿಡಿ ಮಾತ್ರೆ ಕೊಂಡರೆ ಹೆಸರು, ಅವಧಿ ಮುಗಿಯುವ ತಿಂಗಳು ಎರಡೂ ಅಂಗಡಿಯಲ್ಲೇ ಉಳಿದುಬಿಡಬಹುದು, ಕೇಳಿ ಬರೆಸಿಕೊಳ್ಳಿ. ಮಕ್ಕಳ ಮಾತ್ರೆ ಸಿಹಿಯಾಗಿರುತ್ತದೆ, ಹಣ್ಣಿನ ವಾಸನೆಯಿರುತ್ತದೆ. ತಮ್ಮನೋ ತಂಗಿಯೋ ಪೆಪ್ಪರ್‌ಮೆಂಟ್ ಎಂದು ನಾಲ್ಕಾರು ತಿಂದರೆ ಪಟ್ಟಿಯ ಸಮೇತ ಆಸ್ಪತ್ರೆಗೆ ಹೋಗಿ. ಮಗುವಿಗೆ ಮೂರ್ಛೆರೋಗದ ಮಾತ್ರೆಯೋ ಕ್ಷಯದ ಔಷಧವೋ ನಡೆಯುತ್ತಿದ್ದರೆ ಮೊದಲೇ ಹೇಳಬೇಕು, ಅವುಗಳಲ್ಲಿ ಕೆಲವು ಇದರ ಬಲವನ್ನು ತಗ್ಗಿಸುತ್ತವೆ.

ಇನ್ನೊಂದು ಮಾತ್ರೆಯೂ ಇದೆ, ಪ್ರೆಡ್ನಿಸೋಲೋನ್. ಬಾಯಿಂದ ಕೊಡುವ ಸ್ಟೀರಾಯ್ಡ್. ಉಬ್ಬಸ ಜೋರಾದಾಗ ಡಾಕ್ಟರು ಕೆಲವು ದಿನದ ಮಟ್ಟಿಗೆ ಬರೆಯುತ್ತಾರೆ, ಜೀವ ಉಳಿಸುವ ಔಷಧ. ಹೋದ ಸಲ ಬೇಗ ಗುಣವಾಯಿತಲ್ಲ ಎಂದು ಉಳಿದದ್ದನ್ನು ಎತ್ತಿಟ್ಟು ಪ್ರತಿ ಕೆಮ್ಮಿಗೂ ತಿನ್ನಿಸುವುದು ಮಾತ್ರ ಮಗುವಿನ ಬೆಳವಣಿಗೆಗೂ ಮೂಳೆಗೂ ಕೇಡು. ಪಂಪಿನ ಸ್ಟೀರಾಯ್ಡಿಗೆ ಹೆದರಿ ಈ ಮಾತ್ರೆಯನ್ನು ಧೈರ್ಯವಾಗಿ ನುಂಗಿಸುವವರನ್ನು ಕಂಡಾಗ ನನಗೆ ಏನು ಹೇಳಬೇಕೋ ತೋಚುವುದಿಲ್ಲ.

ಯಾವ ಮಾತ್ರೆಯೂ ಮನೆಯ ಹೊಗೆಯನ್ನು ಹೊರಗೆ ಹಾಕುವುದಿಲ್ಲ. ನಮ್ಮ ಜಿಲ್ಲೆಯದ್ದೇ ಕೆಲವು ಕಾರಣಗಳಿವೆ. ರೇಷ್ಮೆ ಸಾಕುವ ಮನೆಯವರು ಹುಳು ಏರಿಸುವ ಮೊದಲು ಬ್ಲೀಚಿಂಗ್ ಪುಡಿಯೋ ಫಾರ್ಮಲಿನ್ನೋ ಹೊಡೆದು ಮನೆ ಶುದ್ಧ ಮಾಡುತ್ತಾರೆ. ಆ ಘಾಟಿಗೆ ಆಸ್ತಮಾದ ಮಗು ಹತ್ತಿರ ಸುಳಿಯಬಾರದು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವಾಗ, ಉದುರಿಸುವ ಸುಣ್ಣದ ಪುಡಿ, ಹುಳು ಗೂಡು ಕಟ್ಟುವ ಚಂದ್ರಿಕೆ ತಟ್ಟೆಯಿಂದ ಗೂಡು ಬಿಡಿಸುವಾಗ ಏಳುವ ನವಿರು, ಚಿಟ್ಟೆಯ ರೆಕ್ಕೆಯ ಹೊಟ್ಟು, ಇವೆಲ್ಲ ಶ್ವಾಸನಾಳವನ್ನು ಕೆರಳಿಸುವಂಥವೇ. ಅದೇ ಕೋಣೆಯಲ್ಲಿ ಮಗುವನ್ನು ಮಲಗಿಸಿ ರಾತ್ರಿ ಮಾತ್ರೆ ಕೊಟ್ಟರೆ ಬೆಳಗ್ಗೆಯ ಕೆಮ್ಮು ಹೇಗೆ ನಿಂತೀತು? ರಾಗಿ ಒಕ್ಕಣೆಯ ಕಾಲದಲ್ಲಿ ಕಣದ ಧೂಳು, ಕ್ರಷರ್ ಪಕ್ಕದ ಹಳ್ಳಿಗಳಲ್ಲಿ ಕಲ್ಲಿನ ಪುಡಿ, ಮನೆಯೊಳಗೆ ಸೊಳ್ಳೆ ಬತ್ತಿ, ಸಾಂಬ್ರಾಣಿ, ಅಪ್ಪನ ಬೀಡಿ. ಬೀಡಿಯನ್ನು ಕೊನೆಗೆ ಹೇಳಿದ್ದು ಸಣ್ಣದೆಂದಲ್ಲ, ಆ ಹೆಸರು ಎತ್ತಿದರೆ ಎಷ್ಟೋ ಅಪ್ಪಂದಿರು ರೇಡಿಯೋ ಆರಿಸಿಬಿಡುತ್ತಾರೆ ಎಂದು.

ಬೇಸಿಗೆಯಲ್ಲಿ ಕೆಮ್ಮು ತಗ್ಗಿದ ಕೂಡಲೇ ಎಲ್ಲ ಔಷಧವನ್ನೂ ತಾವಾಗಿಯೇ ಬಿಟ್ಟು, ಮಳೆಗಾಲ ಶುರುವಾದಾಗ ಏದುತ್ತಿರುವ ಮಗುವನ್ನು ಎತ್ತಿಕೊಂಡು ಓಡಿ ಬರುವುದು ಪ್ರತಿ ವರ್ಷದ ನೋಟ. ಮಗು ಮೂರು ತಿಂಗಳು ಚೆನ್ನಾಗಿದ್ದರೆ ಡಾಕ್ಟರೇ ಔಷಧವನ್ನು ಹಂತಹಂತವಾಗಿ ಇಳಿಸುವ ಯೋಚನೆ ಮಾಡುತ್ತಾರೆ. ಹೋಗುವಾಗ ಹಳೆಯ ಚೀಟಿ, ಖಾಲಿಯಾದ ಪಟ್ಟಿಗಳು, ಇನ್ಹೇಲರ್, ಸ್ಪೇಸರ್ ಎಲ್ಲವನ್ನೂ ಒಂದು ಚೀಲದಲ್ಲಿ ಒಯ್ಯಿರಿ, ಪಫ್ ಎಳೆಯುವ ರೀತಿಯನ್ನು ಮಗುವಿನಿಂದಲೇ ಮಾಡಿಸಿ ತೋರಿಸಿ.

ಯಾವುದೇ ಔಷಧದಿಂದ ತೊಂದರೆಯಾಗಿದೆ ಎಂಬ ಅನುಮಾನ ಬಂದರೆ ಡಾಕ್ಟರಿಗೆ ಹೇಳುವುದರ ಜೊತೆಗೆ ನೀವೇ ದೂರವಾಣಿಯಲ್ಲಿ ವರದಿ ಮಾಡಬಹುದು. ಭಾರತದ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ಸಂಖ್ಯೆಯನ್ನು ನಿಧಾನವಾಗಿ ಹೇಳುತ್ತೇನೆ, ಬರೆದುಕೊಳ್ಳಿ: 1800 180 3024. ಇನ್ನೊಮ್ಮೆ: 1800 180 3024. ನಮಸ್ಕಾರ.