ಒಂದು ಅಣುವಿನ ಬೆನ್ನು ಹತ್ತಿ

ಕೇಳುಗರೆಲ್ಲರಿಗೂ ನಮಸ್ಕಾರ.

ಮಲೇರಿಯಾ ರೋಗಿಯ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣಗಳ ಒಳಗೆ ಪುಟ್ಟ ಪುಟ್ಟ ಉಂಗುರಗಳು ಕಾಣುತ್ತವೆ. ಮಲೇರಿಯಾ ಪರೋಪಜೀವಿಯ ಎಳೆಯ ರೂಪ ಅದು. ಅದು ಬಲಿಯುತ್ತಾ ಹೋದಂತೆ ಮೈಯೊಳಗೆ ಕಂದು ಚುಕ್ಕಿಯೊಂದು ಮೂಡುತ್ತದೆ. ಮೊದಲ ಸಲ ನೋಡಿದಾಗ ನಾನು ಅದನ್ನು ಬಣ್ಣದ ಕಲೆ ಅಂದುಕೊಂಡಿದ್ದೆ. ನಿಜವಾಗಿ ಅದು ಪರೋಪಜೀವಿ ಉಂಡು ಬಿಟ್ಟ ಎಂಜಲು.

ರಕ್ತಕಣದ ಹಿಮೊಗ್ಲೋಬಿನ್ನೇ ಅದರ ಊಟ. ಪ್ರೋಟೀನು ಅರಗಿದ ಮೇಲೆ ಕಬ್ಬಿಣವನ್ನು ಹೊತ್ತ ಹೀಮ್ ಎಂಬ ಅಣು ಉಳಿಯುತ್ತದೆ. ಹೀಗೆ ಬಿಡಿಯಾಗಿ ಉಳಿದ ಹೀಮ್ ಪರೋಪಜೀವಿಗೇ ವಿಷ. ಅದಕ್ಕೇ ಅದನ್ನು ಹರಳುಗಟ್ಟಿಸಿ ಇಟ್ಟುಬಿಡುತ್ತದೆ. ಕ್ಲೋರೋಕ್ವಿನ್ ಮಾತ್ರೆ ಆ ಹರಳುಗಟ್ಟುವಿಕೆಯನ್ನೇ ತಡೆಯುತ್ತಿತ್ತು. ಉಂಡ ಊಟವೇ ವಿಷವಾಗಿ ಪರೋಪಜೀವಿ ಸಾಯುತ್ತಿತ್ತು. ಆದರೆ ಅದು ಬಹಳಷ್ಟು ದೇಶಗಳಲ್ಲಿ ಆ ಮಾತ್ರೆಗೆ ಬಗ್ಗದ ಹಾಗೆ ಆಯಿತು. ಹೊಸ ಮದ್ದು ಬೇಕಾಯಿತು.

ಈ ಹೀಮ್‌ನ ಬೆನ್ನು ಹತ್ತಿದ ಜೀವರಸಾಯನ ವಿಜ್ಞಾನಿ ಪ್ರೊಫೆಸರ್ ಜಿ. ಪದ್ಮನಾಭನ್. 1938ರಲ್ಲಿ ಹುಟ್ಟಿದವರು. ಮದರಾಸಿನಲ್ಲಿ ರಸಾಯನಶಾಸ್ತ್ರ, ದೆಹಲಿಯಲ್ಲಿ ಮಣ್ಣಿನ ರಸಾಯನಶಾಸ್ತ್ರ ಓದಿ, ಪಿಎಚ್‌ಡಿಗೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ನಮ್ಮ ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ, ಬಂದವರು ಅಲ್ಲೇ ನೆಲೆ ನಿಂತರು. 1994ರಿಂದ 1998ರವರೆಗೆ ಅದರ ನಿರ್ದೇಶಕರೂ ಆದರು. ಭಟ್ನಾಗರ್ ಪ್ರಶಸ್ತಿ, ಪದ್ಮಭೂಷಣ ಎಲ್ಲ ಬಂದವು. ನನ್ನ ಮನಸ್ಸು ನಿಲ್ಲುವುದು ಮಾತ್ರ ಅವರು ಕೇಳಿದ ಒಂದು ಪ್ರಶ್ನೆಯ ಮುಂದೆ.

ಮೊದಲು ಅವರು ಯಕೃತ್ತಿನ ಜೀವಕೋಶಗಳಲ್ಲಿ ಹೀಮ್‌ನ ಕೆಲಸವೇನೆಂದು ಹುಡುಕುತ್ತಿದ್ದರು. ಅದೇ ಜಾಡು ಅವರನ್ನು ಮಲೇರಿಯಾಕ್ಕೆ ತಂದಿತು. ಅಲ್ಲೊಂದು ಸೋಜಿಗ ಕಾದಿತ್ತು: ಹೀಮ್‌ನಲ್ಲೇ ಮುಳುಗಿರುವ ಈ ಜೀವಿ, ಜೊತೆಗೆ ತನ್ನದೇ ಹೀಮನ್ನೂ ತಯಾರಿಸಿಕೊಳ್ಳುತ್ತಿತ್ತು! ನೆರೆ ಬಂದ ಊರಿನಲ್ಲಿ ಯಾರಾದರೂ ಬಾವಿ ತೋಡುತ್ತಾರೆಯೇ? 1992ರಲ್ಲಿ ಅವರು ಮತ್ತು ನಮಿತಾ ಸುರೋಲಿಯಾ, ಈ ತಯಾರಿಕೆಯನ್ನು ತಡೆದರೆ ಅದೇ ಹೊಸ ಮದ್ದಿಗೆ ದಾರಿಯಾಗಬಹುದು ಎಂದು ಬರೆದರು. 2000ದಲ್ಲಿ ಅವರ ತಂಡ ಇನ್ನೊಂದನ್ನು ತೋರಿಸಿತು: ಈ ಕೆಲಸಕ್ಕೆ ಬೇಕಾದ ಒಂದು ಕಿಣ್ವವನ್ನು ಪರೋಪಜೀವಿ ನಮ್ಮ ರಕ್ತಕಣದಿಂದಲೇ ಎಳೆದುಕೊಳ್ಳುತ್ತದೆ.

ನಡುವೆ ಅರಿಶಿನವೂ ಬಂತು. ಮಲೇರಿಯಾಕ್ಕೆ ಕೊಡುವ ಆರ್ಟಿಮಿಸಿನಿನ್ ಗುಂಪಿನ ಮದ್ದುಗಳು ಬೇಗ ಕೆಲಸ ಮಾಡಿ ಬೇಗ ಮೈಯಿಂದ ಹೊರಟುಹೋಗುತ್ತವೆ. ಅಳಿದುಳಿದ ಪರೋಪಜೀವಿಗಳು ಮತ್ತೆ ತಲೆಯೆತ್ತುತ್ತವೆ. 2006ರಲ್ಲಿ ಈ ತಂಡ, ಅದೇ ಗುಂಪಿನ ಆರ್ಟಿಈಥರ್ ಚುಚ್ಚುಮದ್ದಿನ ಜೊತೆ ಅರಿಶಿನದ ಕರ್ಕ್ಯುಮಿನ್ ಅನ್ನು ಮೂರು ಸಲ ಬಾಯಿಯ ಮೂಲಕ ಕೊಟ್ಟಾಗ ರೋಗ ಮರುಕಳಿಸದೆ ಇಲಿಗಳು ಉಳಿದವೆಂದು ವರದಿ ಮಾಡಿತು. ಇದು ಇಲಿಗಳ ಮಾತು. ಜ್ವರ ಬಂದಾಗ ಅರಿಶಿನದ ಹಾಲು ಕುಡಿದು ಸುಮ್ಮನಿರಬೇಡಿ, ದಯವಿಟ್ಟು ರಕ್ತಪರೀಕ್ಷೆ ಮಾಡಿಸಿ.

ಮತ್ತೆ ಆ ಬಾವಿಯ ಮಾತಿಗೆ ಬರೋಣ. 2013ರಲ್ಲಿ ಅವರ ತಂಡವೇ ಇಲಿಗಳ ಮಲೇರಿಯಾ ಪರೋಪಜೀವಿಯಲ್ಲಿ ಹೀಮ್ ತಯಾರಿಸುವ ಜೀನುಗಳನ್ನು ತೆಗೆದುಹಾಕಿ ನೋಡಿತು. ಇಲಿಯ ರಕ್ತದಲ್ಲಿ ಅದು ಏನೂ ಆಗದವರಂತೆ ಬೆಳೆಯಿತು! ಇಪ್ಪತ್ತು ವರ್ಷ ನೆಚ್ಚಿಕೊಂಡ ಗುರಿ ರಕ್ತದಲ್ಲಿ ಇರಲೇ ಇಲ್ಲ. ಆದರೆ ಸೊಳ್ಳೆಯೊಳಗೆ ಆ ಪರೋಪಜೀವಿಯ ಬೆಳವಣಿಗೆ ನಿಂತಿತು. ಸೊಳ್ಳೆ ಕಚ್ಚಿದ ಮೇಲೆ, ರಕ್ತಕ್ಕೆ ಇಳಿಯುವ ಮೊದಲು ಅದು ಬೆಳೆಯುವ ಯಕೃತ್ತಿನ ಹಂತಕ್ಕೂ ಸ್ವಂತ ಹೀಮ್ ಬೇಕೇ ಬೇಕು ಎಂದು ಗೊತ್ತಾಯಿತು. ಊಟ ಸಿಗದ ಕಡೆಗೆಂದೇ ಆ ಬಾವಿ. ತಮ್ಮ ಊಹೆಯನ್ನು ತಾವೇ ಒರೆಗೆ ಹಚ್ಚಿ, ಬಂದದ್ದನ್ನು ಹಾಗೇ ಪ್ರಕಟಿಸಿದ ಆ ಪ್ರಬಂಧದ ಬಗ್ಗೆ ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಗೌರವ.

ಹಾಗಾದರೆ ರಕ್ತದಲ್ಲಿ ಆ ತಯಾರಿಕೆ ಏತಕ್ಕೆ? ಉತ್ತರದ ಒಂದು ಎಳೆ 2022ರಲ್ಲಿ ಸಿಕ್ಕಿತು. ಹೀಮ್ ತಯಾರಿಸಲಾಗದ ಪರೋಪಜೀವಿ ಹೊಕ್ಕ ಇಲಿಗಳು ಮಿದುಳಿಗೇರುವ ಮಾರಕ ಮಲೇರಿಯಾದಿಂದ ಪಾರಾದವು. ಶಿಲೀಂಧ್ರದ ಚರ್ಮರೋಗಕ್ಕೆ ದಶಕಗಳಿಂದ ಕೊಡುತ್ತಿರುವ ಗ್ರೈಸಿಯೋಫುಲ್ವಿನ್ ಎಂಬ ಹಳೆಯ ಮದ್ದೂ ಇಲಿಗಳನ್ನು ಹಾಗೇ ಕಾಪಾಡಿತು. ಆ ಪ್ರಬಂಧದ ಲೇಖಕರಲ್ಲಿ ಪದ್ಮನಾಭನ್ ಅವರ ಹೆಸರೂ ಇದೆ. ಆಗ ಅವರಿಗೆ 84 ವರ್ಷ.

ನಮಸ್ಕಾರ.