ಓಡಿಸಲೆಂದೇ ಕಟ್ಟಿದ ಪ್ರತಿಕೃತಿ

ಕೇಳುಗರೇ, ನಮಸ್ಕಾರ.

ಹಳೆಯ ಸ್ಪೋರ್ಟ್ಸ್ ಕಾರೊಂದರ ರೆಪ್ಲಿಕಾವನ್ನು ಕಂಡಾಗ ‘ಓ, ನಕಲಿ’ ಎಂದು ಮೂಗು ಮುರಿಯುವವರು ಬಹಳ. ನನಗೇಕೋ ಆ ತಿರಸ್ಕಾರ ಒಪ್ಪಿಗೆಯಾಗದು. ಅಸಲು ಕಾರು ಬಹುಮಟ್ಟಿಗೆ ಓಡುವುದನ್ನೇ ನಿಲ್ಲಿಸಿದೆ. ರಸ್ತೆಯ ಮೇಲೆ ಕಾಣಸಿಗುವುದು ಅದರ ಪ್ರತಿಕೃತಿಯೇ.

1962ರಿಂದ 1964ರವರೆಗೆ ತಯಾರಾದ ಫೆರಾರಿ 250 ಜಿಟಿಒ ಕಾರುಗಳ ಸಂಖ್ಯೆ ಕೇವಲ 36. ಅವುಗಳಲ್ಲೊಂದು 2018ರ ಹರಾಜಿನಲ್ಲಿ 4.8 ಕೋಟಿ ಡಾಲರಿಗೂ ಮಿಕ್ಕಿ ಮಾರಾಟವಾಯಿತು. ರೇಸಿನಲ್ಲಿ ಗುದ್ದಾಡಲೆಂದು ಹುಟ್ಟಿದ ಯಂತ್ರಕ್ಕೆ ಇಷ್ಟು ಬೆಲೆ ಬಂದಮೇಲೆ ಅದು ತಿಜೋರಿಯ ಒಡವೆಯಾಗುತ್ತದೆ. ಮಳೆಯಲ್ಲಿ ಹೊರತೆಗೆದು ಓಡಿಸುವ ಎದೆಗಾರಿಕೆಯುಳ್ಳ ಒಡೆಯರು ಇಲ್ಲವೆಂದಲ್ಲ, ಆದರೆ ವಿರಳ.

ಎಸಿ ಕೋಬ್ರಾದ ಕತೆ ಇನ್ನೂ ಸ್ವಾರಸ್ಯಕರ. 1959ರಲ್ಲಿ ಫ್ರಾನ್ಸಿನ 24 ಗಂಟೆಗಳ ಲೆ ಮಾನ್ಸ್ ರೇಸ್ ಗೆದ್ದು, ಹೃದಯದ ತೊಂದರೆಯಿಂದ ರೇಸ್ ಬಿಟ್ಟ ಅಮೆರಿಕದ ಕ್ಯಾರೊಲ್ ಶೆಲ್ಬಿ, ಇಂಗ್ಲೆಂಡಿನ ಎಸಿ ಕಂಪನಿಯ ಹಗುರವಾದ ಕಾರಿನೊಳಗೆ ಫೋರ್ಡಿನ ಎಂಟು ಸಿಲಿಂಡರಿನ ವಿ8 ಎಂಜಿನ್ ಕೂರಿಸಿದ್ದು 1962ರಲ್ಲಿ. ಆ ದಶಕದಲ್ಲಿ ತಯಾರಾದದ್ದು ಸುಮಾರು ಒಂದು ಸಾವಿರ. ಪ್ರತಿಕೃತಿಗಳು ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಕೊಳವೆಗಳಿಂದ ಬೆಸೆದ ಸರಳ ಅಡಿಚೌಕಟ್ಟು ಅಂದರೆ ಚಾಸಿ, ಮೇಲ್ಛಾವಣಿಯಿಲ್ಲದ ಮೈ, ಎಲ್ಲೆಡೆ ಬಿಡಿಭಾಗ ಸಿಗುವ ಎಂಜಿನ್, ಇವಿಷ್ಟೂ ಸೇರಿ ಗ್ಯಾರೇಜಿನಲ್ಲಿ ಕಟ್ಟಲು ಹೇಳಿ ಮಾಡಿಸಿದ ಕಾರು ಅದು. ಅಸಲಿನ ಅಲ್ಯೂಮಿನಿಯಂ ಹಾಳೆಯನ್ನು ಕೈಯಿಂದಲೇ ಬಡಿದು ಬಾಗಿಸುತ್ತಿದ್ದರು, ಹಾಗಾಗಿ ಎಡಬಲಗಳಲ್ಲಿ ಕೂದಲೆಳೆಯಷ್ಟಾದರೂ ವ್ಯತ್ಯಾಸ ಉಳಿಯುತ್ತಿತ್ತು. ಅಚ್ಚಿನೊಳಗೆ ಮೊದಲು ಹೊರಮೈಗೆ ನುಣುಪು ಕೊಡುವ ಜೆಲ್‌ಕೋಟ್ ಎಂಬ ಲೇಪ ಬಳಿದು, ಮೇಲೆ ಗಾಜಿನೆಳೆಯ ಹಾಸನ್ನು ರಾಳದಲ್ಲಿ ನೆನೆಸಿ ತೆಗೆದ ಫೈಬರ್‌ಗ್ಲಾಸ್ ಮೈ ಎಷ್ಟೋ ಸಲ ಅಸಲಿಗಿಂತ ಅಚ್ಚುಕಟ್ಟಾಗಿರುತ್ತದೆ. ತಜ್ಞರ ಕಣ್ಣಿಗೆ ಅದು ಸಿಕ್ಕಿಬೀಳುವುದೂ ಈ ಅಚ್ಚುಕಟ್ಟಿನಿಂದಲೇ ಇರಬಹುದು.

ಪೋರ್ಷೆ 356 ಸ್ಪೀಡ್‌ಸ್ಟರ್‌ನ ಪ್ರತಿಕೃತಿ ಬಹುಪಾಲು ಫೋಕ್ಸ್‌ವ್ಯಾಗನ್ ಬೀಟಲ್‌ನ ತಳದ ಮೇಲೆ ಏಳುತ್ತದೆ. ಬೀಟಲ್‌ನ ಚಕ್ರಾಂತರ, ಅಂದರೆ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಿನ ದೂರ, 2,400 ಮಿಲಿಮೀಟರ್, ಪೋರ್ಷೆಯದು 2,100; ಆದ್ದರಿಂದ ತಳವನ್ನು ನಡುವೆ ಕತ್ತರಿಸಿ, ಕಿರಿದಾಗಿಸಿ, ಮತ್ತೆ ಬೆಸೆಯಬೇಕು. ಇದನ್ನು ಮೋಸವೆನ್ನಲು ನನ್ನ ನಾಲಗೆ ಏಳದು, ಮೂಲ ಪೋರ್ಷೆಯೇ ಬೀಟಲ್‌ನ ಒಡಲಿನಿಂದ ಹೊರಬಂದದ್ದಲ್ಲವೇ?

ಇನ್ನು ಬೆಲೆಯ ಮಾತು. ಕಟ್ಟಲು ಸುರಿದ ಹಣ ಮಾರುವಾಗ ಪೂರ್ತಿ ಕೈಗೆ ಬರುವುದು ಅಪರೂಪ. ಬೆಸುಗೆಯ ಗುಣ, ಎಂಜಿನ್, ಕಟ್ಟಿದವರ ಹೆಸರು, ನೆಟ್ಟಗಿರುವ ಕಾಗದಪತ್ರ ಇವುಗಳ ಮೇಲೆ ಬೆಲೆ ನಿಲ್ಲುತ್ತದೆ. ಅಸಲಿನ ಚಾಸಿ ಸಂಖ್ಯೆಯನ್ನು ಕೊರೆದು ಮಾರುವವನು ಮಾತ್ರ ಕಳ್ಳನೇ, ಆ ವಿಷಯದಲ್ಲಿ ರಿಯಾಯಿತಿ ಬೇಡ. ಅಮೆರಿಕದಲ್ಲಿ 2015ರ ಕಾಯಿದೆಯೊಂದು, ಕನಿಷ್ಠ 25 ವರ್ಷ ಹಳೆಯ ಮಾದರಿಯನ್ನು ಹೋಲುವ ಕಾರುಗಳನ್ನು ಸಣ್ಣ ತಯಾರಕರು ವರ್ಷಕ್ಕೆ 325ರ ಮಿತಿಯಲ್ಲಿ ಮಾರಲು ದಾರಿ ಮಾಡಿಕೊಟ್ಟಿತು.

ಪವರ್ ಸ್ಟೀರಿಂಗ್ ಆಗಲಿ, ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಆಗಲಿ ಇಲ್ಲದ ಕೋಬ್ರಾ ಪ್ರತಿಕೃತಿಯಲ್ಲಿ ತಿರುವಿನ ಭಾರವೆಲ್ಲ ತೋಳಿಗೆ, ರಸ್ತೆಯ ಒರಟೆಲ್ಲ ಬೆನ್ನಿಗೆ. ಬಾಗಿಲಿನ ಕೆಳಗೇ ಹಾದುಹೋಗುವ ಹೊಗೆಕೊಳವೆ ಅರ್ಧ ಗಂಟೆಯ ಓಟದಲ್ಲಿ ಕಾದ ಹೆಂಚಾಗಿರುತ್ತದೆ. ಇಳಿಯುವಾಗ ಕಾಲನ್ನು ಅಗಲಕ್ಕೆ ಚಾಚಲು ಮರೆತವರ ಮೀನಖಂಡದ ಮೇಲೆ ಅದು ಹಾಕುವ ಬರೆಗೆ ಅಸಲು, ಪ್ರತಿಕೃತಿ ಎಂಬ ಭೇದವಿಲ್ಲ.